ಗೋದಾಬಾಯಿ ಮುಟ್ಟಬೇಕಾದ ನೆಲ

೨೦೦೭ರ ಜನವರಿ. ಕೋಥರೂಡದ ವಸತಿ ಸೊಸೈಟಿಯ ಗೇಟಿನಲ್ಲಿ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಗೋದಾಬಾಯಿ ಹೊರಟದ್ದು ಅಂಟಾರ್ಕ್ಟಿಕಾಕ್ಕೆ! ಜೊತೆಗೆ ಗಂಡ ಬಾಳಕೃಷ್ಣ, ಅಣ್ಣನ ಮಗಳು ಕೇತಕಿ.

ಗೋದಾಬಾಯಿ ನಿವೃತ್ತಿಯ ತನಕ ಶಾಲೆಯಲ್ಲಿ ಭೂಗೋಳ ಕಲಿಸಿದಾಕೆ. ಉತ್ತರ ಧ್ರುವದಲ್ಲಿ ಹಿಮದ ಕೆಳಗೆ ನೀರು, ದಕ್ಷಿಣದಲ್ಲಿ ಹಿಮದ ಕೆಳಗೆ ನೆಲ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಆ ನೆಲವನ್ನು ಒಮ್ಮೆ ಕೈಯಾರೆ ಮುಟ್ಟಬೇಕು, ಗುರಿ ಅಷ್ಟೇ. ಇಡೀ ಪ್ರವಾಸದಲ್ಲಿ ಹಡಗು ಖಂಡದ ದಂಡೆಗೆ ಜನರನ್ನು ಇಳಿಸುವುದು ಒಂದೇ ಸಲ.

ಬಾಜೂ ಮನೆಯ ಶಿವಗಂಗವ್ವ ಅಡ್ಡ ಬಂದಳು. "ಮುತ್ತೈದಿ ಅಷ್ಟು ದೂರ ಹಂಗ ಹೋಗ್ತಾರೇನ್ರಿ? ಉಡಿ ತುಂಬ್ತೀನಿ, ನಿಂದರ್ರಿ."

"ಸೀರಿ ಉಟ್ಟಿಲ್ರಿ. ಸೆರಗ ಎಲ್ಲಿಂದ ತರ್ಲಿ?"

"ಈ ಜಾಕೀಟ ಹಿಡೀರಿ, ನಡೀತದ."

ಹೊಸ ಜಾಕೀಟಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಅಡಿಕೆ ಬಿದ್ದವು. ಅವನ್ನೆಲ್ಲ ದೇವರ ಮುಂದಿಟ್ಟು ಗೋದಾಬಾಯಿ ಟ್ಯಾಕ್ಸಿ ಹತ್ತಿದಳು. ಒಂದಿಷ್ಟು ಅಕ್ಕಿ ಕಿಸೆಗೆ ಜಾರಿದ್ದು ಆ ಗಡಿಬಿಡಿಯಲ್ಲಿ ಯಾರಿಗೂ ಕಾಣಲಿಲ್ಲ.

ಅರ್ಜೆಂಟೀನಾದ ದಕ್ಷಿಣ ತುದಿಯಿಂದ ಹಡಗು ಬಿಟ್ಟಿತು. ಡ್ರೇಕ್ ಜಲಸಂಧಿಯ ಅಲೆಗಳು ಮೂವರನ್ನೂ ಹಾಸಿಗೆಗೆ ಕೆಡವಿದವು. ವಾಂತಿ ಮಾಡಿ ಮಾಡಿ ಸುಸ್ತಾದರೂ ಗೋದಾಬಾಯಿ ಗೊಣಗಲಿಲ್ಲ. ಗೊಣಗಿದ್ದು ಬಾಳಕೃಷ್ಣ ಮಾತ್ರ, ಅದೂ ಪುರುಸೊತ್ತಿಲ್ಲದೆ.

ಆಮೇಲೆ ಒಂದು ಬೆಳಿಗ್ಗೆ ಸಮುದ್ರ ಶಾಂತವಾಯಿತು. ಎರಡೂ ಬದಿಗೆ ಬಿಳಿ ಬೆಟ್ಟಗಳು ನೇರ ನೀರಿನಿಂದಲೇ ಎದ್ದಿದ್ದವು. ಬಿರುಕುಗಳ ಒಳಗೆ ನೀಲಿ ಬಣ್ಣ, ಹಿಮದ ಬಂಡೆಗಳ ಮೇಲೆ ಮೈ ಚಾಚಿ ಮಲಗಿದ ಸೀಲುಗಳು. ದೂರದಲ್ಲಿ ಕಪ್ಪಗೆ ಒಂದು ದಂಡೆ. ಅದೇ ಖಂಡ. ಗೋದಾಬಾಯಿಯ ಕಣ್ಣು ತುಂಬಿ ಬಂತು.

ದೋಣಿ ಹತ್ತುವ ಮುಂಚೆ ತಪಾಸಣೆ. ಆ ದಂಡೆಗೆ ಹೊರಗಿನ ಒಂದು ಬೀಜವೂ ಹೋಗಕೂಡದು. ತಂಡದ ಮುಖ್ಯಸ್ಥೆ ಇಂಗ್ರಿಡ್ ಜಾಕೀಟಿನ ಕಿಸೆ ಕೊಡವಿದಳು. ಅಕ್ಕಿಕಾಳು ಉದುರಿತು. ಕಿಸೆಯ ಹೊಲಿಗೆ ಬಿಟ್ಟು ಅಸ್ತರಿನ ತುಂಬ ಅಕ್ಕಿ ಹರಡಿತ್ತು.

"ಈ ಜಾಕೀಟು ದಂಡೆಗೆ ಬರುವಂತಿಲ್ಲ," ಎಂದಳು ಇಂಗ್ರಿಡ್. "ಗಾಳಿ ಏಳುತ್ತಿದೆ. ಇನ್ನೊಂದೇ ದೋಣಿ ಬಿಡುತ್ತೇವೆ."

"ನಂದು ಹಾಕ್ಕೊ, ಗೋದಾ," ಎಂದ ಬಾಳಕೃಷ್ಣ.

"ನೀವು ಬರಂಗಿಲ್ಲೇನು? ಬ್ಯಾಡ. ಕೇತಕಿ, ಕತ್ತರಿ ತಾ."

ಚರ್ರನೆ ಅಸ್ತರು ಹರಿಯಿತು. ಮೂವರೂ ನೆಲಕ್ಕೆ ಕೂತು ಹತ್ತಿಯೊಳಗಿನ ಅಕ್ಕಿ ಆರಿಸತೊಡಗಿದರು.

"ಅಕ್ಕಿ ಆರಸಾಕ ಇಷ್ಟು ದೂರ ಬರಬೇಕಿತ್ತಾ?" ಬಾಳಕೃಷ್ಣ ಕನ್ನಡಕ ಏರಿಸಿದ.

"ಮನ್ಯಾಗ ಒಂದಿನಾನೂ ಆರಿಸಿಲ್ಲ. ಈಗರ ಕಲೀರಿ."

ಆರಿಸಿದರೂ ಗೋದಾಬಾಯಿಗೆ ಸಮಾಧಾನವಾಗಲಿಲ್ಲ. ಹತ್ತಿಯನ್ನೇ ಪೂರ್ತಿ ಕಿತ್ತೆಸೆದಳು. ಉಳಿದ ತೆಳು ಸಿಪ್ಪೆಯನ್ನು ಇಂಗ್ರಿಡ್ ಬೆಳಕಿಗೆ ಹಿಡಿದು ನೋಡಿ ಆಗಲೆಂದು ತಲೆಯಾಡಿಸಿದಳು. ಒಳಗೆ ಇದ್ದಬದ್ದ ಸ್ವೆಟರುಗಳನ್ನೆಲ್ಲ ಏರಿಸಿಕೊಂಡು ಗೋದಾಬಾಯಿ ಗಂಡ, ಕೇತಕಿ, ಇಂಗ್ರಿಡರ ಜೊತೆ ದೋಣಿಗೆ ಇಳಿದಳು.

ಗಾಳಿ ಬೀಸಿತು. ಹಿಮದ ತುಂಡುಗಳು ತೇಲಿ ಬಂದು ರಬ್ಬರ್ ದೋಣಿಯನ್ನು ಸುತ್ತಿದವು.

ಎಂಜಿನ್ ನಿಂತಿತು.

"ಹುಟ್ಟು ಹಿಡಿ, ಅತ್ತಿ! ನೂಕು!" ಕೇತಕಿ ಕೂಗಿದಳು.

ನೂಕಿದರು. ಒಂದು ತುಂಡು ಸರಿದರೆ ಇನ್ನೊಂದು ಬಂದು ಅಡ್ಡ ನಿಲ್ಲುತ್ತಿತ್ತು. ತಣ್ಣೀರು ಮುಖಕ್ಕೆ ಬಡಿಯಿತು. ಚಳಿ ಸ್ವೆಟರುಗಳನ್ನು ದಾಟಿ ಎಲುಬಿಗೆ ಇಳಿಯಿತು.

"ವಾಪಸ್ಸು ಹೋಗೋಣ," ಎಂದಳು ಇಂಗ್ರಿಡ್.

"ಇಲ್ಲೇ ಅದಲ್ಲ ದಂಡಿ, ಕಾಣಸ್ತದ! ಹೇಳು ಆಕಿಗೆ, ಕೇತಕಿ." ಗೋದಾಬಾಯಿಯ ಹುಟ್ಟು ನಿಲ್ಲಲಿಲ್ಲ.

ಇಂಗ್ರಿಡ್ ತಾನೂ ಹುಟ್ಟು ಎತ್ತಿಕೊಂಡಳು.

ಕೊನೆಗೆ ದೋಣಿ ಕಲ್ಲಿಗೆ ಉಜ್ಜಿತು. ಗೋದಾಬಾಯಿ ಕೈಗವಸು ಕಳಚಿ ಇಳಿದಳು, ಜಾರಿದಳು, ಮೊಣಕಾಲೂರಿ ಬಿದ್ದಳು. ಬರಿಗೈ ಕಪ್ಪು ಬಂಡೆಗೆ ತರಚಿತು. ಅಲ್ಲೇ ಕೂತು ಎರಡೂ ಅಂಗೈ ಒತ್ತಿದಳು. ಬಾಳಕೃಷ್ಣ ಪಕ್ಕಕ್ಕೆ ಬಂದು ತಾನೂ ಮುಟ್ಟಿದ.

ತಿರುಗಿ ಬರುವಾಗ ಅಲೆಗಳು ದೋಣಿಯೊಳಕ್ಕೇ ನುಗ್ಗಿದವು. ಕೇತಕಿ ನೀರು ಎತ್ತಿ ಎತ್ತಿ ಹೊರಚೆಲ್ಲಿದಳು. ಹಡಗಿನ ಏಣಿ ಹತ್ತುವಷ್ಟರಲ್ಲಿ ಗೋದಾಬಾಯಿಗೆ ಬೆರಳು ಮಡಚಲು ಬರುತ್ತಿರಲಿಲ್ಲ.

ಕೇತಕಿ ಬಿಸಿನೀರು, ಔಷಧ ತಂದಳು. "ಭಾಳ ತರಚ್ಯದ ಅತ್ತಿ. ಹಿಮಾ ತಾಗಿತೇನು?"

"ಹಿಮಾ ಅಲ್ಲವಾ," ಎಂದಳು ಗೋದಾಬಾಯಿ, ಅಂಗೈ ಚಾಚಿ. "ಛಂದಾಗಿ ನೋಡು. ನೆಲಾ ತಾಗಿದ್ದು."