ರೆಫರಿ ಮಾವನ ಕಣ್ಣಿನ ಫೋಟೋ

“ಗದ್ದ ಇಲ್ಲಿಡಿ ಸರ್. ಹಣೆ ಈ ಪಟ್ಟಿಗೆ ತಾಗಲಿ,” ಎಂದರು ಕಣ್ಣಾಸ್ಪತ್ರೆಯ ಫೋಟೋ ಅಕ್ಕ.

“ನನ್ನ ಕಣ್ಣಿನ ಫೋಟೋ ಯಾಕೆ? ಗೋಡೆಗೆ ನೇತು ಹಾಕ್ತೀರಾ?” ಮಾವ ಮೂಗು ಮುರಿದ. “ಇಪ್ಪತ್ತು ವರ್ಷದಿಂದ ರೆಫರಿ ನಾನು. ಇರುವೆ ಗೆರೆ ದಾಟಿದ್ರೂ ಸೀಟಿ ಊದ್ತೀನಿ.”

“ಇರುವೆ ಕಾಣತ್ತೆ. ವಾಲಿಬಾಲ್ ಕಾಣಲ್ಲ,” ಎಂದಳು ಜೊತೆಗೆ ಬಂದಿದ್ದ ಚೂಟಿ.

ಶನಿವಾರದ ಫೈನಲ್‌ನಲ್ಲಿ ಚೂಟಿ ಹೊಡೆದ ಕೊನೆಯ ಬಾಲ್ ಗೆರೆಯಿಂದ ಒಂದು ಗೇಣು ಒಳಗೆ ಬಿದ್ದಿತ್ತು. ಮಾವ ‘ಔಟ್’ ಅಂದ. ಅವಳ ಸ್ಕೂಲ್ ಸೋತಿತು. ಮಾವನಿಗೆ ‘ಕುರುಡು ಸೀಟಿ’ ಅಂತ ಹೆಸರಿಟ್ಟು ಟೀಮಿಗೆಲ್ಲ ಹೇಳಿಕೊಟ್ಟವಳು ಚೂಟಿಯೇ.

ಮಾವನಿಗೆ ಹತ್ತು ವರ್ಷದಿಂದ ಶುಗರ್. ಅದು ಕಣ್ಣನ್ನು ಸದ್ದಿಲ್ಲದೆ ಕೆಡಿಸುತ್ತೆ, ಹೋಗಿ ತೋರಿಸು ಅಂತ ಚೂಟಿಯ ಅಮ್ಮ ತನ್ನ ತಮ್ಮನನ್ನು ಅಟ್ಟಿದ್ದಳು. ಅವನು ಅರ್ಧ ದಾರಿಯಲ್ಲಿ ತಪ್ಪಿಸಿಕೊಳ್ಳದ ಹಾಗೆ ಚೂಟಿ ಕಾವಲು.

ಬಸ್ಸಿನಲ್ಲೇ ಮಾವ ಬೆಟ್ ಕಟ್ಟಿದ್ದ. “ಕಣ್ಣಲ್ಲಿ ಏನಾದ್ರೂ ಸಿಕ್ಕಿದ್ರೆ, ತಪ್ಪು ನಂದೇ ಅಂತ ನಿಮ್ಮ ಪಿಟಿ ಸರ್‌ಗೆ ಬರ್ಕೊಡ್ತೀನಿ. ರೀಮ್ಯಾಚ್ ಆಡ್ಕೋ. ಸಿಗದಿದ್ರೆ ಒಂದು ತಿಂಗಳು ನನ್ನ ಶೂ ಪಾಲಿಶ್ ನಿಂದು!”

ಪಾಪೆ ಹಿಗ್ಗಲು ಹಾಕಿದ ಡ್ರಾಪ್ಸ್‌ನಿಂದ ಮಾವನ ಕಣ್ಣು ಕರಿ ಗುಂಡಿಯಂತಾಗಿತ್ತು. ಫಳ್ ಅಂತ ಬೆಳಕು ಹೊಡೆಯಿತು. ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡು ಚಿತ್ರ ಬಂತು.

“ಥೂ, ಕೊಳೆತ ಹಣ್ಣು!” ಚೂಟಿ ನಕ್ಕಳು. “ಕೆಂಪು ಚುಕ್ಕೆ ಏನಕ್ಕಾ? ಗ್ಲಾಸ್ ಒರೆಸಿಲ್ವಾ?”

ಅಕ್ಕ ನಗಲಿಲ್ಲ. “ಗ್ಲಾಸ್ ಕ್ಲೀನಾಗಿದೆ ಪುಟ್ಟಾ. ಅದು ಒಳಗೆ ರಕ್ತ ಸೋರಿರೋದು. ಸರ್, ಎದುರಿಗಿರೋದು ಮಸುಕಾಗಿ ಕಾಣ್ತಿತ್ತಾ?”

“ಮೂರು ತಿಂಗಳಿಂದ,” ಎಂದ ಮಾವ, ತಲೆ ತಗ್ಗಿಸಿ.

‘ಗೆದ್ದೆ!’ ಅನ್ನೋಕೆ ಚೂಟಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಡಾಕ್ಟರ್ ಫೋಟೋ ನೋಡಿದರು. ಬಿಡದೆ ಚಿಕಿತ್ಸೆ ಮಾಡಿದರೆ ಇರುವ ದೃಷ್ಟಿ ಉಳಿಸಿಕೊಳ್ಳಬಹುದು ಎಂದು, ಸೋಮವಾರ ಇಂಜೆಕ್ಷನ್‌ಗೆ ಬರಹೇಳಿದರು.

ಹೊರಗಿನ ಬೆಂಚಿನ ಮೇಲೆ ಕೂತು ಮಾವ ಕೈ ಚಾಚಿದ. “ನೋಟ್‌ಬುಕ್ ಕೊಡು. ಕಾರಣ ಏನಂತ ಬರೀಲಿ?”

“ಬಾಲ್ ತುಂಬಾ ಸ್ಪೀಡ್ ಇತ್ತು ಅಂತ ಬರಿ.”

“ನಿನ್ನ ಹೊಡೆತಕ್ಕೆ ಸ್ಪೀಡ್ ಬೇರೆ! ಬಸವನಹುಳು ಕೇಳಿದ್ರೆ ನಗತ್ತೆ.”

ಮಾವ ದಪ್ಪ ದಪ್ಪ ಅಕ್ಷರದಲ್ಲಿ ಬರೆದ: ‘ಬಾಲ್ ಒಳಗಿತ್ತು. ನನಗೆ ಕಾಣಲಿಲ್ಲ.’

ಅಕ್ಷರಗಳು ಗೆರೆ ದಾಟಿ ಹೋಗಿದ್ದವು. ಚೂಟಿ ನೋಟ್‌ಬುಕ್ ಮುಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

ಮೆಟ್ಟಿಲ ಬಳಿ ಅವಳು ಕೈ ಹಿಡಿಯಲು ಹೋದಳು. ಮಾವ ಕೊಡವಿದ. “ನಾನೇನು ಮುದುಕನಾ?”

ಅವಳು ಒಂದು ಮೆಟ್ಟಿಲು ಮುಂದೆ ಇಳಿದಳು. ಧಡ್. ಮಾವ ಆ ಸದ್ದಿಗೆ ಕಾಲಿಟ್ಟ. ಮತ್ತೊಂದು. ಧಡ್.

“ಆನೆಮರಿ ಥರ ಯಾಕೇ ತುಳೀತೀಯಾ?”

“ಹೊಸ ಶೂ ಮಾವ, ಟೈಟು,” ಎಂದಳು ಚೂಟಿ.

ಶೂ ಹೋದ ವರ್ಷದ್ದು. ಕೊನೆಯ ಮೆಟ್ಟಿಲಲ್ಲಿ ಅವಳು ಇನ್ನೂ ಜೋರಾಗಿ ಕಾಲು ಬಡಿದಳು.