ಖಾಲಿ ಕುರ್ಚಿಗೆ ಬಂದ ದನಿ

‘ಅತ್ತೆಗೊಂದು ದನಿ, ಸೊಸೆಗೊಂದು ಕುರ್ಚಿ’ ಎಂದು ಹಿರಿಯರು ಹೇಳಿದ್ದಾರೆ. ಹೇಳಿಲ್ಲವೇ? ಹಾಗಾದರೆ ಆ ಹಿರಿಯರು ಹೈದರಾಬಾದಿನ ಸನತ್‌ನಗರದ ಹಂಪಮ್ಮನವರ ಮನೆಗೆ ಬಂದಿರಲಿಲ್ಲ, ಅಷ್ಟೆ. ಇದು ನಡೆದ ಕಥೆ. ನಂಬದವರು ಆ ಮನೆಯ ಅಡಿಗೆಮನೆಯ ಪರದೆಯನ್ನು ನೋಡಿಬರಬಹುದು. ಹಿಟ್ಟಿನ ಗುರುತು ಇನ್ನೂ ಇದೆ.

ಆ ಮಧ್ಯಾಹ್ನ ಸೊಸೆ ಸುಮಂಗಲಾ ನಡುಮನೆಯಲ್ಲಿ ಒಂದು ಖಾಲಿ ಕುರ್ಚಿಯ ಮುಂದೆ ಕುಳಿತು ಅಳುತ್ತಿದ್ದಳು. ಊಟದ ಬಿಡುವಿಗೆಂದು ಪಕ್ಕದ ಕಾರ್ಖಾನೆಯೂ ಬಾಯಿ ಮುಚ್ಚಿತ್ತು. ಅಡಿಗೆಮನೆಯ ಬಾಗಿಲಿಗೆ ಪರದೆಯಾಗಿ ಇಳಿಬಿಟ್ಟಿದ್ದ ಅತ್ತೆಯ ಹಳೆಯ ಇಳಕಲ್ ಸೀರೆಯೊಳಗಿಂದ ಬಿಸಿಲು ಸೋಸಿ ಬಂದು, ಕೋಣೆಯೆಲ್ಲ ದಾಳಿಂಬೆ ಬಣ್ಣದ ನೀರಿನಲ್ಲಿ ಮುಳುಗಿದಂತಿತ್ತು. ಆ ನೀರಿನ ತಳದಲ್ಲಿ ತಾನೊಬ್ಬಳೇ ಕುಳಿತಿದ್ದೇನೆ, ಮೇಲೆ ಎಲ್ಲೋ ಜನ ಓಡಾಡುತ್ತಿದ್ದಾರೆ, ಯಾರಿಗೂ ತಾನು ಕಾಣುತ್ತಿಲ್ಲ ಎಂದು ಅವಳಿಗನ್ನಿಸುತ್ತಿತ್ತು.

ಲಿಂಗಸುಗೂರಿನಿಂದ ಸೊಸೆಯಾಗಿ ಬಂದವಳು, ಮೊದಲು ಮನೆಶಾಸ್ತ್ರದಲ್ಲಿ ಪಾಸಾಗಿ, ಆಮೇಲೆ ಮನಶ್ಶಾಸ್ತ್ರದ ಡಿಗ್ರಿಯಲ್ಲೂ ಪಾಸಾಗಿದ್ದಳು. ಮುಂದಿನ ಓದಿಗೆ ಎರಡು ಕಡೆ ಸೀಟು. ಒಂದು ಇಲ್ಲೇ ಹೈದರಾಬಾದಿನಲ್ಲಿ. ಇನ್ನೊಂದು ವಿದ್ಯಾರ್ಥಿವೇತನದ ಸಮೇತ ಐರ್ಲೆಂಡಿನ ಡಬ್ಲಿನ್‌ನಲ್ಲಿ. ನಾಳೆಯೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಬೇಕಿತ್ತು. ಗಂಡ ಕಾಶಿನಾಥ, “ನೀ ಹೂಂ ಅಂದಲ್ಲಿಗೆ ನಂದೂ ಹೂಂ,” ಎಂದು ಶಿಫ್ಟಿಗೆ ಹೋಗಿದ್ದ. ಅತ್ತೆ ಹಂಪಮ್ಮನವರದು ಮಾತ್ರ ಒಂದೇ ಮಾತು: “ಹೊರದೇಶಕ್ಕ ಹೋಗು. ಇಲ್ಲೇನೈತಿ?” ಇಂಥ ಅತ್ತೆ ಕೋಟಿಗೊಬ್ಬಳು ಎಂದು ಓಣಿಯೆಲ್ಲ ಹೊಗಳಿತ್ತು. ಆದರೆ ಸೀಟು ಸಿಕ್ಕ ದಿನದಿಂದ ಅತ್ತೆ ಸೊಸೆಯ ಕೈಯಿಂದ ಕಾಲಿಗೆ ಎಣ್ಣೆ ಹಚ್ಚಿಸಿಕೊಂಡಿರಲಿಲ್ಲ, ಗಿರಣಿಯ ಡಬ್ಬಿಯನ್ನು ಮುಟ್ಟಗೊಟ್ಟಿರಲಿಲ್ಲ, ಮುಖ ಕೊಟ್ಟು ಮಾತಾಡಿರಲಿಲ್ಲ. ಅದು ಓಣಿಗೆ ಗೊತ್ತಿರಲಿಲ್ಲ...

ಎದುರಿಗೆ ಹೇಳಲಾಗದ ಮಾತಿದ್ದರೆ ಒಂದು ಖಾಲಿ ಕುರ್ಚಿ ಇಟ್ಟುಕೊಳ್ಳಿ, ಅದರಲ್ಲಿ ಆ ಮನುಷ್ಯ ಕುಳಿತಿದ್ದಾನೆಂದು ತಿಳಿದು ಎಲ್ಲವನ್ನೂ ಹೇಳಿಬಿಡಿ ಎಂದು ತರಗತಿಯಲ್ಲಿ ಕಲಿಸಿದ್ದರು. ಅತ್ತೆ ಗಿರಣಿಗೆ ಹೋದದ್ದು ನೋಡಿ ಸುಮಂಗಲಾ ಕುರ್ಚಿ ಎಳೆದಿದ್ದಳು.

“ಕೂಡ್ರಿ ಅತ್ತೆರ,” ಎಂದಳು.

“ಕುಂತೀನಿ. ಅದೇನು ಒದರತಿ ಒದರು,” ಎಂದಿತು ಪರದೆಯ ಹಿಂದಿನಿಂದ ಹಂಪಮ್ಮನವರ ಗಡಸು ದನಿ.

ಸುಮಂಗಲಾ ಬೆಚ್ಚಿದಳು. ಮರುಕ್ಷಣ ಕಣ್ಣೀರಿನ ನಡುವೆಯೇ ತುಟಿ ಅರಳಿತು. ಇದು ಮೈದುನ ರವಿಕಿರಣನ ಆಟ! ಬೇಗಂಪೇಟೆಯ ಆಫೀಸಿನಲ್ಲಿ ಮ್ಯಾನೇಜರನ ದನಿಯಲ್ಲಿ ತನಗೆ ತಾನೇ ರಜೆ ಕೊಟ್ಟುಕೊಂಡು ಬಂದ ಭೂಪ. ಅವ್ವನ ದನಿ ತೆಗೆದರಂತೂ ಹಾಲಿನವನು ನೀರು ಬೆರೆಸಿದ್ದನ್ನು ಕೇಳದೆಯೇ ಒಪ್ಪಿಕೊಳ್ಳುತ್ತಿದ್ದ. ಇರಲಿ, ಸುಳ್ಳು ಅತ್ತೆಯಾದರೂ ಕೇಳಲಿ ಎಂದುಕೊಂಡಳು.

“ಕೇಳ್ರಿ ಹಂಗಾರ. ನನಗ ಡಬ್ಲಿನ್ ಬ್ಯಾಡ. ಕಲಿಯಾಕ ಹೋಗತಿದ್ದ ದವಾಖಾನ್ಯಾಗ ನಮ್ಮ ದೇವದುರ್ಗದ ಗಾರೆ ಕೆಲಸದಾಕಿ ‘ಜೀವ ಝಲ್ಲ ಅಂತೈತಿ’ ಅಂತ ಅತ್ತಾಗ ಅಲ್ಲಿದ್ದ ಡಾಕ್ಟರು ತಿಳೀದ ನನ್ನ ಮುಖ ನೋಡಿದ್ರು. ತೆಲುಗಿನಾಗ ಹೇಳಿದೆ, ಹಿಂದ್ಯಾಗ ಹೇಳಿದೆ... ಆಕಿ ಅತ್ತಷ್ಟು ಅದರಾಗ ಬರಲೇ ಇಲ್ಲ. ಅಂಥವರ ಮಾತು ಕೇಳೂದನ್ನ ಅವರ ಮುಂದ ಕುಂತೇ ಕಲೀಬೇಕರಿ. ಆದ್ರ ನೀವು ಹೋಗು ಹೋಗು ಅಂತೀರಿ. ಹಿಟ್ಟಿನ ಡಬ್ಬಿ ಸೈತ ಕೈಗೆ ಕೊಡವಲ್ರಿ. ಈ ಮನಿಗೆ ನಾ ಅಷ್ಟು ಭಾರ ಆಗೀನೇನ್ರಿ?”

ನಗೆಗಾಗಿ ಕಾದಿದ್ದ ರವಿಕಿರಣ, “ಭಾರ... ಅಂದ್ರ...” ಎಂದು ತಡವರಿಸಿದ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಹಿತ್ತಲ ಬಾಗಿಲು ಸರಿಯಿತು. ಸೊಂಟದ ಮೇಲೆ ಡಬ್ಬಿ ಹೊತ್ತ ನಿಜವಾದ ಹಂಪಮ್ಮ ಅಲ್ಲಿ ನಿಂತಿದ್ದರು. ಸೊಸೆಯ ಮಾತಷ್ಟೂ ಅವರ ಕಿವಿಗೆ ಬಿದ್ದಿತ್ತು. ಡಬ್ಬಿ ಇಳಿಸಿದರು. ಹಿಟ್ಟಿನ ಅಂಗೈಯನ್ನು ಮಗನ ಬಾಯಿಗೆ ಒತ್ತಿ, ಅವನನ್ನು ಹಿತ್ತಲಿಗೆ ದೂಡಿ, ಪರದೆಯ ಹಿಂದೆ ಅವನ ಜಾಗದಲ್ಲಿ ತಾವು ನಿಂತರು.

“ಭಾರ ಅಲ್ಲ ಯವ್ವಾ,” ಎಂದರು.

“ರವಿ, ಈ ಸಲ ದನಿ ಒಂಚೂರೂ ಕೂಡಲಿಲ್ಲ ನೋಡು,” ಎಂದಳು ಸುಮಂಗಲಾ ಮೂಗು ಒರೆಸಿಕೊಳ್ಳುತ್ತ. “ಅತ್ತೆರು ಹಿಂಗ ಮೆತ್ತಗ ಮಾತಾಡ್ತಾರೇನು? ಜರಾ ಗಡಸು ಮಾಡು.”

ಹಂಪಮ್ಮ ಕೆಮ್ಮಿ ಗಂಟಲು ಬಿಗಿ ಮಾಡಿಕೊಳ್ಳಲು ನೋಡಿದರು. ಗಂಟಲು ಮಾತು ಕೇಳಲಿಲ್ಲ.

“ನಂದೂ ಒಂದು ಸೀಟು ಇತ್ತು. ರಾಯಚೂರಾಗ ನರ್ಸ್ ಕಲಿಯೂದು. ಹೊಂಡೂ ದಿನ ನಮ್ಮತ್ತಿ ಎದಿ ಹಿಡ್ಕೊಂಡು ಮಲಗಿದ್ಲು. ನಾ ಬಸ್ ಬಿಟ್ಟು ಆಕಿ ಕಾಲು ತಿಕ್ಕೋತ ಕುಂತೆ... ಸಂಜಿಗೆ ಎದ್ದು ತಾನೇ ರೊಟ್ಟಿ ಬಡಿದ್ಲು. ಆ ರೊಟ್ಟಿ ಇನ್ನೂ ನನ್ನ ಗಂಟಲಾಗ ಐತಿ. ಈಗ ನನ್ನ ಮೊಣಕಾಲು ಏಳಗೊಡವಲ್ದು. ನೀ ಎಣ್ಣಿ ಹಚ್ಚಿದ್ರ ಬಾವು ನಿನ್ನ ಕೈಗೆ ಸಿಗತೈತಿ. ಸಿಕ್ರ ನೀ ಉಳೀತಿ. ಅತ್ತಿ ಕಾಲಾಗ ಸೊಸಿ ಕೆಟ್ಟಳು ಅನ್ನೂದು ಈ ಮನ್ಯಾಗ ಎರಡನೇ ಸಲ ಆಗಬಾರದು. ನೀ ದೂರ ಹೋದಷ್ಟೂ ನಾ ಪಾರಾದೆ ಅಂದ್ಕೊಂಡಿದ್ದೆ...”

ಸುಮಂಗಲಾ ಕನಸಿನಲ್ಲಿ ನಡೆದಂತೆ ಎದ್ದು ಪರದೆಯ ಹತ್ತಿರ ಬಂದಳು. ಆಗಷ್ಟೇ ಬೀಸಿದ ಜೋಳದ ಬೆಚ್ಚನೆ ವಾಸನೆ. ಸೀರೆಯ ಅಂಚನ್ನು ಹಿಡಿದಿದ್ದ ಬೆರಳುಗಳು ಹಿಟ್ಟಿನಿಂದ ಬಿಳಿಯಾಗಿದ್ದವು. ಆ ಬೆರಳಲ್ಲಿ ಅತ್ತೆಯ ಬೆಳ್ಳಿ ಸುತ್ತುಂಗುರ.

“ಅತ್ತೆರ...?”

ಪರದೆ ಸರಿಯಿತು. ದಾಳಿಂಬೆಯ ಬೆಳಕಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ಕಂಡವರಂತೆ ನೋಡಿದರು. ಅಲ್ಲೇ ಹೊಸ್ತಿಲಲ್ಲಿ ಕುಳಿತು ಸುಮಂಗಲಾ ಅತ್ತೆಯ ಊದಿದ ಮೊಣಕಾಲಿನ ಮೇಲೆ ಕೈ ಇಟ್ಟಳು.

“ನಿಮ್ಮ ಕಾಲಿನ ಸಲುವಾಗಿ ಉಳಿಯಾಕತ್ತಿಲ್ಲರಿ,” ಎಂದಳು. “ನನ್ನ ಓದು ಇಲ್ಲೇ ಐತಿ. ಕಾಲಿಗೆ ಕಾಶಿನಾಥ ಅದಾರ, ರವಿ ಅದಾನ, ಅವರೂ ಎಣ್ಣಿ ಹಚ್ಚಲಿ.”

ಹಂಪಮ್ಮ ಈ ಸಲ ಆ ಕೈಯನ್ನು ಸರಿಸಲಿಲ್ಲ. ಕೊನೆಗೆ, “ಇಲ್ಲೇ ಓದು ಹಂಗಾರ,” ಎಂದರು. “ಆದ್ರ ನಾ ನರಳಿದೆ ಅಂತ ಒಂದಿನ ಕ್ಲಾಸ್ ಬಿಟ್ಟೀ ಅಂದ್ರ ನಾನೇ ವಿಮಾನ ಹತ್ತಿಸಿ ಬರ್ತೀನಿ.” ಹಿಟ್ಟಿನ ಡಬ್ಬಿಯನ್ನು ಎತ್ತಿ ಸೊಸೆಯ ಮಡಿಲಲ್ಲಿಟ್ಟರು. ಡಬ್ಬಿ ಇನ್ನೂ ಬಿಸಿಯಾಗಿತ್ತು. ಸುಮಂಗಲಾ ಅದನ್ನು ಅಪ್ಪಿಕೊಂಡೇ ಅತ್ತಳು.

ಆಗ ಹಿತ್ತಲಿನಿಂದ ರವಿಕಿರಣ ಇಣುಕಿದ. ಬಾಯಿಯ ಮೇಲೆ ಅವ್ವನ ಐದೂ ಬೆರಳು ಬೆಳ್ಳಗೆ ಮೂಡಿದ್ದವು.

“ಅವ್ವಾ,” ಎಂದ ಗಂಭೀರವಾಗಿ, “ವೈನಿ ಅಂದದ್ದು ಖರೇ. ದನಿ ಕೂಡಲಿಲ್ಲ. ಇನ್ನೊಂದೆರಡು ಸಲ ರೂಢಿ ಮಾಡು, ನಿನಗೂ ನಿನ್ನ ನಕಲು ಬರತೈತಿ.”

ಸುಮಂಗಲಾ ಕಣ್ಣೀರಿನಲ್ಲೇ ಕಿಸಕ್ಕೆಂದಳು. ಹಂಪಮ್ಮ ಮಗನ ಬಿಳಿ ಮುಸುಡಿಯನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿಕೊಂಡರು. ಎಲ್ಲೋ ಹೊಟ್ಟೆಯ ತಳದಿಂದ, ರಾಯಚೂರಿನ ಬಸ್ಸು ಬಿಟ್ಟಂದಿನಿಂದ ಕಟ್ಟಿಕೊಂಡಿದ್ದ ಏನೋ ಒಡೆದು ಬಂತು. ನಕ್ಕರು. ಗೋಡೆ ಹಿಡಿದು, ಬಗ್ಗಿ, ಕಣ್ಣೊರೆಸಿಕೊಂಡು, ಸೊಸೆಯ ನಗೆ ಕೇಳಿಸದಷ್ಟು ದೊಡ್ಡದಾಗಿ ನಕ್ಕರು. ಯಾರ ದನಿ ಕದ್ದು ಮಗ ಆಟ ಹೂಡಿದ್ದನೋ ಆಕೆಯ ನಗೆಯೇ ಓಣಿಯ ತುದಿಯವರೆಗೂ ಹೋಯಿತು.

ರವಿಕಿರಣ ಆ ನಗೆಯನ್ನು ಹಿಡಿಯಲು ಬಾಯಿ ತೆರೆದ. ಬರಲಿಲ್ಲ. ಅದನ್ನು ಅವನು ಆವರೆಗೆ ಕೇಳಿಯೇ ಇರಲಿಲ್ಲ.