ಎಸರಿಗೆ ಬಿದ್ದ ಉಪ್ಪು

ತ್ರಿವೇಣಿಗೆ ಮುನೇಶನ ಮೇಲೆ ಅನುಮಾನ ಹುಟ್ಟಿಸಿದ್ದು ಒಂದು ಹಿಡಿ ಕಲ್ಲುಪ್ಪು.

ಆಂಡರ್ಸನ್‌ಪೇಟೆಯಲ್ಲಿ ಅವನದೊಂದು ಪುಟ್ಟ ಮೆಸ್. ಕೆಜಿಎಫ್‌ನ ಫ್ಯಾಕ್ಟರಿಯೊಂದರ ಕ್ಯಾಂಟೀನಿಗೆ ಮಧ್ಯಾಹ್ನದ ರಾಗಿಮುದ್ದೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಒಯ್ಯುತ್ತಿದ್ದವಳು ಕ್ಯಾಂಟೀನ್ ನೋಡಿಕೊಳ್ಳುವ, ಬಂಗಾರಪೇಟೆ ಕಡೆಯ ತ್ರಿವೇಣಿ. ಬಿಸಿ ಆರಬಾರದೆಂದು ಅವಳು ಬಂದ ಮೇಲೆಯೇ ಮುದ್ದೆ ತಿರುವುವುದು ರೂಢಿ.

ಅವಳು ಬಾಗಿಲಲ್ಲಿ ಕಾಣಿಸಿದರೆ ಸಾಕು, ಮುನೇಶ್ ಎಸರಿಗೆ ಉಪ್ಪು ಸುರಿಯುತ್ತಿದ್ದ. ನೀರು ಭುಸ್ಸೆಂದು ಏಳುತ್ತಿತ್ತು.

"ಕುದೀತು ನೋಡಿ ಮೇಡಂ!"

ತಕ್ಷಣ ಹಿಟ್ಟು ಬೀಳುತ್ತಿತ್ತು, ಕೋಲು ತಿರುಗುತ್ತಿತ್ತು. ತಿರುವುತ್ತಲೇ ಅವನು ಒಮ್ಮೆ ತಲೆಯೆತ್ತಿ ಅವಳನ್ನು ನೋಡುತ್ತಿದ್ದ. ಅವಳು ನೋಡಿದರೆ ಕಣ್ಣು ತಗ್ಗಿಸುತ್ತಿದ್ದ. ಮೊದಮೊದಲು ಆ ನೋಟಕ್ಕೆ ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಕ್ಯಾಂಟೀನಿಗೆ ಹಿಂತಿರುಗುವಾಗ ಆಟೋದಲ್ಲಿ ಒಬ್ಬಳೇ ನಗುತ್ತಿದ್ದಳು, ಪೆದ್ದಿ.

ಆಮೇಲೆ ಕ್ಯಾಂಟೀನಿನಲ್ಲಿ ದೂರು ಶುರುವಾಯಿತು. ಮುದ್ದೆಯಲ್ಲಿ ಹಸಿಹಿಟ್ಟಿನ ವಾಸನೆ. ಮೇಲಾಗಿ ಬಾಯಿಗಿಡಲಾಗದಷ್ಟು ಉಪ್ಪು.

"ಗ್ಯಾಸ್ ಉಳಿಸ್ತಾವ್ನೆ ನಿಮ್ಮ ಹೀರೋ. ಇವತ್ತು ನಿಂತು ನೋಡಿ ಬಾಮ್ಮ. ಮೋಸ ಅಂದ್ರೆ ನಾಳೆಯಿಂದ ಬೇರೆ ಮೆಸ್ಸು" ಎಂದ ಸೂಪರ್‌ವೈಸರ್.

ಅದೇ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನಿಜ ಹೇಳಿದರೆ ಮುನೇಶನ ಮುಖ ಮತ್ತೆ ಕಾಣಿಸದು, ಸುಳ್ಳು ಹೇಳಿದರೆ ಕೆಲಸ ಉಳಿಯದು. ಅದಕ್ಕಿಂತ ಹೆಚ್ಚಾಗಿ, ಆ ನೋಟವೂ ಮೋಸವೇ ಇರಬಹುದೆಂದು ಅವಳಿಗೆ ಸಂಕಟವಾಯಿತು. ಕಣ್ಣಿಗೆ ಕಣ್ಣು ಕೊಟ್ಟರೆ ಪಾತ್ರೆ ಯಾರು ನೋಡುತ್ತಾರೆ?

ಅಂದು ಮುನೇಶ್ ಉಪ್ಪಿನ ಡಬ್ಬಿಗೆ ಕೈ ಹಾಕಿದಾಗ ಅವಳು ಒಳಗೇ ನುಗ್ಗಿದಳು.

"ನಿಲ್ಸಿ. ಯಾರಿಗೆ ಮಂಕುಬೂದಿ ಎರಚ್ತಾ ಇದೀರ?"

ಅವನು ಗಾಬರಿಯಾದ. "ಯಾಕ್ ಮೇಡಂ? ಉಪ್ಪಾಕಿದ್ರೆ ಬೇಗ ಕುದೀತದಲ್ಲ?"

"ಯಾರು ಹೇಳಿದ್ದು?"

"ನಮ್ಮಜ್ಜಿ ಅಕ್ಕಯ್ಯಮ್ಮ. ಆಕಿದ್ ತಕ್ಷಣ ಎದ್ದು ಕುಣೀತದೆ, ನೀವೇ ನೋಡಿಲ್ವಾ?"

ಅವಳು ನಂಬಲಿಲ್ಲ. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಒಂದೇ ಚೊಂಬಿನಿಂದ ನೀರು ಹೊಯ್ದು, ಪಕ್ಕಪಕ್ಕದ ಒಲೆಗಳ ಮೇಲಿಟ್ಟಳು. "ಒಂದಕ್ಕೆ ಹಾಕಿ, ಒಂದಕ್ಕೆ ಬೇಡ. ಇಬ್ರೂ ನೋಡಾಣ."

ನೀರು ಬಿಸಿಯಾದ ಮೇಲೆ ಅವನು ಒಂದಕ್ಕೆ ಉಪ್ಪು ಹಾಕಿದ. ಭುಸ್ಸೆಂದು ಗುಳ್ಳೆಯೆದ್ದಿತು. ಮುನೇಶನ ಮುಖ ಅರಳಿತು. ಮರುಗಳಿಗೆ ಗುಳ್ಳೆ ಇಳಿದು ನೀರು ತೆಪ್ಪಗಾಯಿತು. ಅವನ ಮುಖವೂ ಅಷ್ಟೇ. ಕೊನೆಗೆ ನಿಜವಾದ ಕುದಿ ಎರಡರಲ್ಲೂ ಒಟ್ಟಿಗೇ ಬಂತು. ಬೇಕಾದರೆ ಉಪ್ಪಿನದೇ ಒಂದು ಕೂದಲೆಳೆ ಹಿಂದೆ ಎನ್ನಬಹುದಿತ್ತು.

"ಅಯ್ಯೋ, ಅಂಗಾದ್ರೆ ಇಷ್ಟು ದಿನ ಕುದೀದೆ ಇರೋ ನೀರಿಗೆ ಇಟ್ಟಾಕಿದ್ನಾ ನಾನು?" ಅವನು ತಲೆ ಮೇಲೆ ಕೈಹೊತ್ತು ಕುಳಿತ. ಮೋಸಗಾರನಿಗೆ ಆ ಪೆಚ್ಚುಮೋರೆ ಬರಲು ಸಾಧ್ಯವಿರಲಿಲ್ಲ. ಆದರೂ ಅನುಮಾನದ ಒಂದು ಚೂರು ಅವಳಲ್ಲಿ ಉಳಿದಿತ್ತು.

"ನಾನು ಬಂದ್ರೇನೇ ಯಾಕೆ ಈ ಅವಸರ? ಬೇಗ ತೊಲಗಲಿ ಅಂತಾನಾ?"

ಅವನು ಎದ್ದು, ಕೋಲನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ಒಂದಿನ ಖಾಲಿ ಪಾತ್ರೆ ಈಸ್ಕೊಳ್ಳೋಕೆ ಕ್ಯಾಂಟೀನಿಗೆ ಬಂದಿದ್ದೆ. ಲೇಟಾಯ್ತು ಅಂತ ಸೂಪರ್‌ವೈಸರ್ ಬೈತಿದ್ರು. ನೀವು ಆಕಡೆ ತಿರುಗಿ ದುಪಟ್ಟಾದಲ್ಲಿ ಕಣ್ಣೊರಸ್ಕೊಂಡ್ರಿ. ಅವತ್ತಿಂದ ನಂಗೆ ಅನ್ನ ಸೇರ್ಲಿಲ್ಲ. ನೀವು ಇಲ್ಲೇ ನಿಂತಿರ್ಬೇಕು ಅಂತ ಆಸೆ ಮೇಡಂ. ಆದ್ರೆ ನಿಂತ್ರೆ ಅಲ್ಲಿ ಬೈಸ್ಕೊಂತೀರ. ಅದ್ಕೇ ದಿನಾ ಒಂಚೂರು ಜಾಸ್ತಿ ಉಪ್ಪು."

ತ್ರಿವೇಣಿಗಾಗಿ ಇಷ್ಟು ದಡ್ಡತನ ಮಾಡಿದವರು ಯಾರೂ ಇರಲಿಲ್ಲ. ಅವಳು ಫೋನ್ ತೆಗೆದಳು.

"ಸಾರ್, ಇವತ್ತು ತಡ ಆಗುತ್ತೆ. ಬೈಯೋದಿದ್ರೆ ಬಂದ್ಮೇಲೆ ಬೈರಿ. ಮೋಸ ಏನಿಲ್ಲ, ತಪ್ಪು ಎಲ್ಲಿ ಅಂತ ಗೊತ್ತಾಯ್ತು. ಮೆಸ್ ಬದ್ಲಾಯಿಸೋದು ಬೇಡ, ಜವಾಬ್ದಾರಿ ನಂದು."

ಮುನೇಶ್ ಬಾಯಿಬಿಟ್ಟು ನೋಡುತ್ತಿದ್ದ.

"ಏನ್ ನೋಡ್ತೀರ? ಎಸರಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಅದ್ರ ಪಾಡಿಗದು ಕುದೀಲಿ. ನಾಳೆಯಿಂದ ನಾನೇ ಬೇಗ ಬತ್ತೀನಿ."

"ಬೇಗ ಬಂದು ಏನ್ಮಾಡ್ತೀರ ಮೇಡಂ?"

ಅವಳು ಸ್ಟೂಲ್ ಎಳೆದು ಒಲೆಯ ಪಕ್ಕ ಹಾಕಿಕೊಂಡಳು.

"ಮೇಡಂ ಅಲ್ಲ, ತ್ರಿವೇಣಿ. ಇಲ್ಲಿ ಕೂತಿರ್ತೀನಿ."